ಬೋಲ್ಟಿನ ತಲೆಯ ಕೆಂಪು ಬೊಟ್ಟು

ಆರನೇ ಬಂಗುಡೆಯ ಕಿವಿರಿಗೆ ಬೆರಳು ಹಾಕಿ ಎಳೆಯುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ವನಮಾಲಾ ಏಳಲಿಲ್ಲ. ಮುಂಬಯಿ ಹತ್ತಿರದ ಕಳವಾ ಊರಿನ ಆ ಒಂದೂವರೆ ಕೋಣೆಯಲ್ಲಿ ಮೋರಿಯ ಹತ್ತಿರ ಕೂತರೂ ಬಾಗಿಲು ಕಾಣುತ್ತದೆ.

"ಚಿಲಕ ಹಾಕ್ಲಿಲ್ಲ. ದೂಡಿ ಬಾ."

ಬಂದವಳು ಎದುರು ಚಾಳಿನ ರಮಿತಾ, ಮೆಕ್ಯಾನಿಕ್ ಚನಿಯನ ಮಗಳು. ಎದೆಗೆ ಅವುಚಿಕೊಂಡಿದ್ದ ಹಳೆಯ ಬಿಸ್ಕೆಟ್ ಡಬ್ಬಿಯನ್ನು ನೆಲಕ್ಕಿಟ್ಟು, ಏದುಸಿರು ಬಿಡುತ್ತಾ ಕೂತಳು.

"ಮಾವಶಿ, ಪಪ್ಪಾನ ಪಲಂಗದ ಕೆಳಗೆ ಸಿಕ್ತು. ಅವರು ಶೆಡ್ಡಿಗೆ ಹೋದ್ಮೇಲೆ ತೆಗ್ದೆ. ಕಸಮ್ ಸೇ, ನಾನು ಏನೂ ಮುಟ್ಲಿಲ್ಲ."

ಡಬ್ಬಿಯಲ್ಲಿ ಇದ್ದದ್ದು ಎರಡೇ ವಸ್ತು. ಒಂದು ಪ್ಲಾಸ್ಟಿಕ್ ಚೀಲದೊಳಗೆ ಹೆಬ್ಬೆರಳು ಗಾತ್ರದ ಬೋಲ್ಟು. ಇನ್ನೊಂದು ಅಂಟಿಸಿದ ಲಕೋಟೆ. ಮೇಲೆ ರೇಸು ಸಮಿತಿಯ ವಿಳಾಸ, ಚನಿಯನ ಗುಂಡು ಗುಂಡು ಅಕ್ಷರ. ಮೂಲೆಯಲ್ಲಿ ಬರೆದ ತಾರೀಖು ಮೂರು ವಾರ ಹಳೆಯದು.

ವನಮಾಲಾ ಕೈ ತೊಳೆಯುವುದನ್ನೂ ಮರೆತಳು. ಮೂರು ವಾರದಿಂದ ಚನಿಯ ಒಂದೇ ಮಾತು ಹೇಳುತ್ತಿದ್ದ: "ಸಮಿತಿಗೆ ನಾನು ಉತ್ತರ ಕೊಡುವುದಿಲ್ಲ."

ಬರೆದಿದ್ದ. ಕಳಿಸಿರಲಿಲ್ಲ, ಅಷ್ಟೇ.

ಸಮಿತಿ ಕೊಟ್ಟ ಇಪ್ಪತ್ತೊಂದು ದಿನದ ಗಡುವು ಇಂದಿಗೆ ಮುಗಿಯುತ್ತಿತ್ತು. ಇಂದಿನ ಅಂಚೆ ಮುದ್ರೆ ಬೀಳದಿದ್ದರೆ ಚನಿಯನ ಮೆಕ್ಯಾನಿಕ್ ಪಾಸು ಕಾಯಂ ರದ್ದು. ಪಾಸು ಹೋದರೆ ಹೊಟ್ಟೆಗೆ ಬೇರೆ ದಾರಿ ಹುಡುಕಬಹುದು. ಆದರೆ ಸಮಿತಿಯ ಕಾಗದದಲ್ಲಿ ‘ಸುಳ್ಳುಗಾರ’ ಎಂಬ ಮಾತಿತ್ತು. ಐವತ್ತೈದು ವರ್ಷ ಸುಳ್ಳು ಹೇಳದ ಮನುಷ್ಯನಿಗೆ ಅದನ್ನು ಹಣೆಯ ಮೇಲೆ ಹೊತ್ತು ತುರ್ಭೆಯಲ್ಲಿ ಓಡಾಡುವುದೆಂದರೆ ಸುಮ್ಮನೆಯೇ?

"ಲಕೋಟೆ ಒಡೀಲಾ ಮಾವಶಿ?"

"ಬೇಡ. ಅಂಟು ಹಾಕಿದ್ದು ಅವನು, ಬಿಡಿಸುವುದೂ ಅವನೇ. ಮೊದಲು ಆ ಬೋಲ್ಟು ಹಿಡಿ. ನನ್ನ ಕೈಯಲ್ಲಿ ಮೀನು ಉಂಟು. ಬೆಳಕಿಗೆ ತೋರಿಸು."

ತುರ್ಭೆಯ ನಟ್ಟುಬೋಲ್ಟು ಕಾರ್ಖಾನೆಯ ಚೆಕ್ಕಿಂಗ್ ಮೇಜಿನಲ್ಲಿ ಮೂವತ್ತು ವರ್ಷ ಕೂತವಳು ವನಮಾಲಾ. ದಿನಕ್ಕೆ ನಾಲ್ಕು ಸಾವಿರ ಬೋಲ್ಟು ಅವಳ ಕಣ್ಣ ಕೆಳಗೆ ಹಾದು ಹೋಗುತ್ತಿದ್ದವು. ನಿವೃತ್ತಿಯಾಗಿ ಮೂರು ವರ್ಷ ಆದರೂ ಕಣ್ಣು ನಿವೃತ್ತಿಯಾಗಿರಲಿಲ್ಲ.

ಇದು ಇಂಜಿನ್ನಿನ ತಳದ, ಎಣ್ಣೆ ಬಿಡುವ ಬೋಲ್ಟು. ರೇಸಿಗೆ ಇಳಿಯುವ ಗಾಡಿಯಲ್ಲಿ ಇಂಥ ಬೋಲ್ಟಿನ ತಲೆಗೆ ತೂತು ಕೊರೆದು, ಉಕ್ಕಿನ ತಂತಿ ತೂರಿಸಿ, ಹೊಸೆದು ಕಟ್ಟಬೇಕು. ಓಡುವಾಗ ಬೋಲ್ಟು ತಿರುಗಿ ಸಡಿಲವಾಗದಂತೆ. ಚನಿಯ ಕಟ್ಟಿದ ತಂತಿ ತುಂಡಾಗಿರಲಿಲ್ಲ, ಜಾರಿಯೂ ಇರಲಿಲ್ಲ. ಆದರೂ ರೇಸಿನ ಟ್ರ್ಯಾಕಿನಲ್ಲಿ ಗಾಡಿ ಬಿದ್ದ ಮೇಲೆ ನೋಡಿದರೆ ಬೋಲ್ಟು ಬೆರಳಿಗೆ ಅಲುಗಾಡುತ್ತಿತ್ತು. ಬಿಗಿ ಮಾಡದ ಬೋಲ್ಟಿಗೆ ತಂತಿ ಕಟ್ಟಿದ್ದ!

ಅಭ್ಯಾಸದ ಮೂರನೇ ಸುತ್ತಿನಲ್ಲಿ ಗಾಡಿ ತಿರುವಿಗೆ ಮಲಗಿದಾಗ ಸೋರಿದ ಎಣ್ಣೆ ಹಿಂದಿನ ಚಕ್ರಕ್ಕೆ ಚೆಲ್ಲಿತ್ತು. ಸವಾರ ವಿಶ್ರುತ ಅಂದಿನಿಂದ ಠಾಣೆ ನಗರದ ಆಸ್ಪತ್ರೆಯಲ್ಲಿ, ಗಂಟಲಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ.

ಶೆಡ್ಡಿನ ಕಟ್ಟಳೆ ಸರಳ. ಬೋಲ್ಟು ಬಿಗಿ ಮಾಡಿದವನು ಅದರ ತಲೆಗೆ ಕೆಂಪು ನೈಲ್ ಪಾಲಿಶಿನ ಬೊಟ್ಟು ಇಡಬೇಕು. ಕೆಂಪು ಕಂಡರೆ ಮಾತ್ರ ಚನಿಯ ತಂತಿ ಕಟ್ಟಬೇಕು. ಬಿಗಿ ಮಾಡಬೇಕಾಗಿದ್ದವನು ಚನಿಯನ ಕೈಕೆಳಗಿನ ಅಂಗಾರ. ಅವನು ಹೇಳುತ್ತಾನೆ: "ತಾಮ್ರದ ವಾಶರ್ ಇರಲಿಲ್ಲ. ಬೆರಳಲ್ಲಿ ತಿರುಗಿಸಿಟ್ಟು ವಾಶರ್ ತರಲು ಠಾಣೆಗೆ ಹೋದೆ. ಬೊಟ್ಟು ಇಟ್ಟವನು ನಾನಲ್ಲ. ಬರುವಾಗ ತಂತಿ ಕಟ್ಟಿ ಆಗಿತ್ತು. ಚನಿಯಣ್ಣನೇ ಬೇರೆ ವಾಶರ್ ಹಾಕಿ ಬಿಗಿ ಮಾಡಿದ್ದಾರೆ ಅಂದುಕೊಂಡೆ." ಚನಿಯ ಹೇಳುತ್ತಾನೆ: "ಕೆಂಪು ಇತ್ತು, ಕಟ್ಟಿದೆ." ಸಮಿತಿ ಬರೆದದ್ದು: ತಪ್ಪು ಮುಚ್ಚಲು ಚನಿಯನೇ ಆಮೇಲೆ ಕೆಂಪು ಬಳಿದಿದ್ದಾನೆ.

"ತೂತಿನ ಬಾಯಿ ನೋಡು ರಮಿತಾ. ಕೆಂಪು ಕಾಣ್ತದಾ?"

"ಹಾಂ. ಸುಕಾ ಪೌಡರ್ ಜೈಸಾ."

"ಪೌಡರು! ನೈಲ್ ಪಾಲಿಶ್ ಒಣಗಿದರೆ ಸಿಪ್ಪೆ ಏಳ್ತದೆ ಮಾರಾಯ್ತಿ, ಪೌಡರಾಗುವುದಿಲ್ಲ."

ಬಂಗುಡೆಗೆಂದು ಹೆಚ್ಚಿಟ್ಟ ಲಿಂಬೆಹೋಳು ಕೈಗೆ ಹತ್ತಿರವೇ ಇತ್ತು. ವನಮಾಲಾ ಬೂದಿ ಹಚ್ಚಿ ಕೈ ತೊಳೆದು, ಹತ್ತಿಯ ಬತ್ತಿಯ ತುದಿಗೆ ಒಂದು ಹನಿ ಲಿಂಬೆರಸ ಮುಟ್ಟಿಸಿ, ಕೆಂಪಿನ ಒಂದು ಅಂಚಿಗೆ ಮಾತ್ರ ಒತ್ತಿದಳು. ಉಳಿದದ್ದನ್ನು ಹಾಗೇ ಬಿಟ್ಟಳು. ಸಾಕ್ಷಿಯನ್ನು ಪೂರ್ತಿ ಒರೆಸಿ ಸಾಕ್ಷಿ ಹುಡುಕುವವರ ಜಾತಿ ಅವಳದ್ದಲ್ಲ.

ಬತ್ತಿಯ ತುದಿ ಹಳದಿಯಾಯಿತು.

"ಅರೇ! ಯೇ ಕೈಸೇ?"

"ಅರಶಿನಕ್ಕೆ ಸುಣ್ಣ ಕಲಸಿದರೆ ಕೆಂಪು. ಅದಕ್ಕೆ ಹುಳಿ ಬಿದ್ದರೆ ತಿರುಗಿ ಹಳದಿ. ಪೇಟೆಯ ಕುಂಕುಮ ಬಣ್ಣದ ಹಿಟ್ಟು, ಅದು ಹೀಗೆ ಆಗುವುದಿಲ್ಲ. ಇದು ಮನೆಯಲ್ಲಿ ಮಾಡಿದ ಕುಂಕುಮ."

ರಮಿತಾಳ ಮುಖ ಬಿಳಿಚಿತು. ಮನೆಯಲ್ಲಿ ಕುಂಕುಮ ಮಾಡುವವರು ಆ ಶೆಡ್ಡಿಗೆ ಸಂಬಂಧಪಟ್ಟವರಲ್ಲಿ ಒಬ್ಬರೇ. ಶೆಡ್ಡಿನ ಒಡತಿ, ಡೊಂಬಿವಲಿಯ ಸಸ್ಯಾಹಾರಿ ಹೊಟೇಲಿನ ಪ್ರಭಾ. ರಮಿತಾಳನ್ನು ಕಾಲೇಜು ಓದಿಸಿದವರು. ಬಿದ್ದ ವಿಶ್ರುತನ ತಾಯಿ.

ವನಮಾಲಾ ಮಾತ್ರ ಬೋಲ್ಟನ್ನು ತಿರುಗಿಸಿ ಇನ್ನೇನನ್ನೋ ನೋಡುತ್ತಿದ್ದಳು. ತಲೆಯ ಬದಿಯಲ್ಲಿ ಸಣ್ಣ ಉಳಿಯಿಂದ ಒತ್ತಿದ ಅಂಕಿ.

"ಇದು ಎಷ್ಟು?"

"ಅಠಾರಹ. ಹದಿನೆಂಟು. ಎರಡು ಗಾಡಿಯ ಬೋಲ್ಟು ಮಿಕ್ಸ್ ಆಗಬಾರ್ದು ಅಂತ ಪಪ್ಪಾ ನಂಬರ್ ಹಾಕ್ತಾರೆ."

"ವಿಶ್ರುತನ ಗಾಡಿಯ ನಂಬರು?"

"ಏಳು. ಹದಿನೆಂಟು ನಮ್ಮ ಇನ್ನೊಬ್ಬ ರೈಡರ್ ಜಯೇಶಂದು..." ರಮಿತಾ ಅಲ್ಲಿಗೇ ನಿಂತಳು.

ಬಿದ್ದ ಗಾಡಿಯ ಫೋಟೋ ಎಲ್ಲರೂ ಕಂಡಿದ್ದರು. ಮೈಮೇಲೆ ದೊಡ್ಡದಾಗಿ ಏಳು. ಹೊಟ್ಟೆಯಲ್ಲಿ ಹದಿನೆಂಟರ ಬೋಲ್ಟು!

"ಮೀನು ಫ್ರಿಜ್ಜಿಗಿಡು," ವನಮಾಲಾ ಸೆರಗು ಸಿಕ್ಕಿಸಿದಳು. "ಪೋಸ್ಟಿನ ಕೌಂಟರು ಮೂರಕ್ಕೆ ಮುಚ್ತದೆ. ಹೊರಡು."

*

ಠಾಣೆಯಲ್ಲಿ ರೈಲು ಬದಲಿಸಿ ವಾಶಿ ಲೋಕಲ್ ಹಿಡಿದು ತುರ್ಭೆಯಲ್ಲಿ ಇಳಿಯುವಾಗ ಒಂದೂ ಕಾಲು.

ಶೆಡ್ಡಿನಲ್ಲಿ ಚನಿಯ ಒಬ್ಬನೇ ಇದ್ದ. ನಡುವೆ ಕಿಂಡಿ ಬಿಟ್ಟ ಗಿಡ್ಡ ಕಬ್ಬಿಣದ ಮೇಜಿನ ಮೇಲೆ ಅರ್ಧ ಬಿಚ್ಚಿದ ಇಂಜಿನ್ನು. ಆರುನೂರೈವತ್ತು ಸಿಸಿ, ಪಕ್ಕಪಕ್ಕಕ್ಕೆ ಎರಡು ಸಿಲಿಂಡರು. ಆ ವರ್ಗದ ರೇಸಿಗೆಂದು ಇಂಥ ಎರಡು ಗಾಡಿಗಳನ್ನು ಚನಿಯ ಎಂಟು ತಿಂಗಳು ಹೆತ್ತ ಮಕ್ಕಳ ಹಾಗೆ ಸಾಕಿದ್ದ. ದೀಪ, ಕನ್ನಡಿ ಕಿತ್ತು ಭಾರ ಇಳಿಸಿದ್ದ. ಕಾರ್ಬನ್ ಕೆರೆದು, ವಾಲ್ವಿನ ಸಂದು ಕೂದಲೆಳೆಯಷ್ಟು ಅಳೆದು ಕೂರಿಸಿದ್ದ. ಒಂದನ್ನು ನೋಡಿ ಇನ್ನೊಂದನ್ನು ಮರೆಯುವಷ್ಟು ಹೋಲಿಕೆ. ನಂಬರು ಬರೆದ ಹೊರಗಿನ ಪ್ಲಾಸ್ಟಿಕ್ ಅಂಗಿ ತೆಗೆದರೆ ಯಾವುದು ಯಾವುದೆಂದು ಹೆತ್ತವನಿಗೂ ಬೋಲ್ಟು ನೋಡಿಯೇ ಗೊತ್ತಾಗಬೇಕು.

ಡಬ್ಬಿ ಕಂಡದ್ದೇ ಅವನು ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟ.

"ರಮಿತಾ, ನೀನು ತಪ್ಪು ಮಾಡಿದೆ."

"ಅವಳಿಗೆ ಬೈಬೇಡ. ನನಗೆ ಬೈ," ವನಮಾಲಾ ಸ್ಟೂಲು ಎಳೆದು ಕೂತಳು. "ಒಂದೇ ಪ್ರಶ್ನೆ ಚನಿಯ. ಹದಿನೆಂಟರ ಇಂಜಿನ್ನಿಗೆ ಏಳರ ಅಂಗಿ ತೊಡಿಸಿದ್ದು ಯಾವಾಗ?"

ಚನಿಯ ಬಹಳ ಹೊತ್ತು ಹಳೆ ಬನಿಯನ್ನಿನ ತುಂಡಿನಲ್ಲಿ ಬೆರಳು ಒರೆಸಿದ.

"ಅಭ್ಯಾಸದ ದಿನ ಬೆಳಗ್ಗೆ ಐದಕ್ಕೆ, ಟ್ರ್ಯಾಕಿನಲ್ಲಿ. ಏಳರ ಕ್ಲಚ್ಚು ಸುಟ್ಟು ಹೋಗಿತ್ತು. ಒಡತಿಯ ಮಗ ಹೊರಗೆ ಕೂರುವುದು ಹ್ಯಾಗೆ ಅಂತ ಅಂಗಿ ಬದಲಿಸಿದೆ. ಸಮಿತಿಯ ತಪಾಸಣೆ ಆದ ಮೇಲೆ ಹಾಗೆ ಮಾಡುವ ಹಾಗಿಲ್ಲ. ಅದು ನನ್ನ ತಪ್ಪು. ಕಾಗದದಲ್ಲಿ ಬರೆದಿದ್ದೇನೆ."

"ವಿಶ್ರುತನಿಗೆ ಗೊತ್ತಿತ್ತಾ?"

"ಇಲ್ಲ. ನಿದ್ದೆಯಲ್ಲಿದ್ದ. ಏಳು ಅಂತ ಬರೆದದ್ದು ನೋಡಿ ಹತ್ತಿದ."

"ಮತ್ತೆ ಕಾಗದ ಯಾಕೆ ಕಳಿಸ್ಲಿಲ್ಲ? ಕುಂಕುಮದ ವಿಷಯವೂ ಅದರಲ್ಲಿ ಉಂಟಾ?"

ಚನಿಯ ತಟ್ಟನೆ ತಲೆ ಎತ್ತಿದ. "ನಿಮಗೆ ಹ್ಯಾಗೆ..."

"ಲಿಂಬೆ ಹೇಳಿತು."

"ಎರಡನೇ ದಿನ ಸಮಿತಿಯಿಂದ ಬೋಲ್ಟು ವಾಪಸು ಸಿಕ್ಕಿದಾಗ ಉಗುರಲ್ಲಿ ಕೆರೆದೆ, ಗೊತ್ತಾಯಿತು. ನೈಲ್ ಪಾಲಿಶ್ ಅಂದುಕೊಂಡು ತಂತಿ ಕಟ್ಟಿದೆನಲ್ಲ ಅಂತ ಹಣೆ ಹಣೆ ಚಚ್ಚಿಕೊಂಡೆ. ಗಾಡಿ ಹೊರಡುವ ದಿನ ಮಂಗಳವಾರ. ಮೂರಕ್ಕೆ ರಾಹುಕಾಲ ಅಂತ ಪ್ರಭಕ್ಕ ಪೂಜೆಯನ್ನು ಮೊದಲೇ ಮಾಡಿ ಮುಗಿಸಿದರು. ಯಾವತ್ತೂ ಎಲ್ಲ ಕೆಲಸ ಮುಗಿದ ಮೇಲೆ ಪೂಜೆ. ಅವತ್ತು ನಾನು ಊಟಕ್ಕೆ ಹೋಗಿದ್ದೆ. ಬರುವಾಗ ಆರತಿ ಆಗಿ ಹೋಗಿತ್ತು."

ಅವನ ದನಿ ಸಣ್ಣದಾಯಿತು.

"ಮೂರು ವಾರದಿಂದ ಆ ತಾಯಿ ಮಗನ ಮಂಚದ ಬುಡದಲ್ಲಿ ಕೂತು ಜಪ ಮಾಡ್ತಾರೆ ವನಮಾಲಕ್ಕ. ನಿಮ್ಮ ಕುಂಕುಮವೇ ನಿಮ್ಮ ಮಗನನ್ನು ಕೆಡವಿತು ಅಂತ ಅವರಿಗೆ ಹ್ಯಾಗೆ ಹೇಳಲಿ? ಬದುಕಿಯಾರಾ? ಸುಳ್ಳುಗಾರ ಅನ್ನಿಸಿಕೊಳ್ಳುವುದೇ ವಾಸಿ."

"ಯಾರ ಕುಂಕುಮ?"

ಮೂವರೂ ತಿರುಗಿದರು.

ಬಾಗಿಲಲ್ಲಿ ಪ್ರಭಾ ನಿಂತಿದ್ದರು. ಶುಕ್ರವಾರ ಶೆಡ್ಡಿನ ದೇವರಿಗೆ ದೀಪ ಹಚ್ಚುವುದನ್ನು ಮಗ ಬಿದ್ದ ಮೇಲೂ ಅವರು ತಪ್ಪಿಸಿರಲಿಲ್ಲ. ಒಂದು ಕೈಯಲ್ಲಿ ಎಣ್ಣೆಯ ಗಿಂಡಿ, ಇನ್ನೊಂದರಲ್ಲಿ ಊರುಗೋಲು.

"ಕೇಳಿದ್ದು ನಾನು. ಯಾರ ಕುಂಕುಮ ಚನಿಯ?"

ವನಮಾಲಾ ಎದ್ದು ನಿಂತು, ಸುತ್ತಿಬಳಸದೆ ಹೇಳಿದಳು. ಬೋಲ್ಟು ತೋರಿಸಿದಳು. ಹಳದಿ ಬತ್ತಿಯನ್ನೂ.

ಪ್ರಭಾ ಕೂಗಾಡಲಿಲ್ಲ. ಗೋಡೆ ಹಿಡಿದು ಎರಡು ಹೆಜ್ಜೆ ಮುಂದೆ ಬಂದು ಬೋಲ್ಟನ್ನು ದಿಟ್ಟಿಸಿದರು.

"ಇದು ಗಾಡಿಯಲ್ಲಿ ಎಲ್ಲಿರ್ತದೆ?"

"ಹೊಟ್ಟೆಯ ಅಡಿಯಲ್ಲಿ, ಅಕ್ಕ."

"ಹಾಗಾದರೆ ನಾನಲ್ಲ." ಅವರು ಊರುಗೋಲಿನಿಂದ ತಮ್ಮ ಎಡ ಮಂಡಿ ತಟ್ಟಿದರು. "ಈ ಮಂಡಿ ಆಪರೇಷನ್ ಆದ ಮೇಲೆ ನಾನು ದೇವರಿಗೂ ಬಗ್ಗಿದವಳಲ್ಲ. ನಿಂತಲ್ಲಿಂದಲೇ ಟ್ಯಾಂಕಿಗೆ, ಹ್ಯಾಂಡಲ್ಲಿಗೆ ಇಟ್ಟೆ. ಅಡಿಗೆ ನಾನು ಇಡಲಿಲ್ಲ. ಚಾಮುಂಡಿಯ ಆಣೆ."

ಚನಿಯನ ಮುಖದಲ್ಲಿ ಮೂರು ವಾರದ ಭಾರ ಒಮ್ಮೆಗೇ ಇಳಿದಂತೆ ಕಂಡಿತು. ಅದು ಪೂರ್ತಿ ಇಳಿಯುವ ಮೊದಲೇ ವನಮಾಲಾ ಕೇಳಿದಳು.

"ಆರತಿ ಆದ ಮೇಲೆ ಕುಂಕುಮದ ಬಟ್ಟಲು ಯಾರ ಕೈಗೆ ಕೊಟ್ಟಿರಿ ಪ್ರಭಮ್ಮ?"

ಪ್ರಭಾ ಶೆಡ್ಡಿನ ದೇವರ ಕಡೆ ತಿರುಗಿದರು. ವನಮಾಲಾ ಬಿಡಲಿಲ್ಲ.

"ಆಗ ಇಲ್ಲಿ ಯಾರಿದ್ದರು?"

"ನಾನು. ಮತ್ತೆ..." ಪ್ರಭಾ ಗಿಂಡಿಯನ್ನು ಮೇಜಿನ ಮೇಲಿಟ್ಟರು. "ವಿಶ್ರುತ. ಬಟ್ಟಲು ಕೊಡಮ್ಮ, ಕೆಳಗೆಲ್ಲ ನಾನು ಇಡ್ತೇನೆ ಅಂದ. ಸಂಕಷ್ಟಿಗೆ ಟಿಟ್ವಾಳದ ಗಣಪತಿಗೆ ಬಾ ಅಂದರೆ ಬಾರದ ಹುಡುಗ. ಮೇಜಿನಡಿ ಅಂಗಾತ ಮಲಗಿ ಇಟ್ಟ. ಅಂತೂ ಇವನಿಗೂ ದೇವರ ಮೇಲೆ ಮನಸ್ಸು ಬಂತಲ್ಲ ಅಂತ ನಾನು ಕಣ್ಣೊರೆಸಿಕೊಂಡೆ."

"ಆ ಹೊತ್ತಿಗೆ ಈ ಮೇಜಿನ ಮೇಲೆ ಇದ್ದದ್ದು ಯಾವ ಗಾಡಿ?"

ಪ್ರಭಾ ಚನಿಯನನ್ನು ನೋಡಿದರು. ಚನಿಯ ನೆಲ ನೋಡಿದ.

"ಹೇಳು ಚನಿಯ."

"ಏಳು ಆಗಲೇ ಟೆಂಪೋ ಹತ್ತಿತ್ತು ಅಕ್ಕ. ಮೇಜಿನ ಮೇಲೆ... ಹದಿನೆಂಟು. ಅಂಗಾರ ಬೋಲ್ಟು ಬಿಗಿ ಮಾಡದೆ ಬಿಟ್ಟುಹೋದದ್ದು."

ಹೊರಗೆ ಲಾರಿಯೊಂದು ಹಿಂದೆ ಸರಿಯುತ್ತಾ ಪೀಂ ಪೀಂ ಎನ್ನುತ್ತಿತ್ತು. ಆ ರೇಸಿನಲ್ಲಿ ಮುಂದೆ ಬಂದ ಒಬ್ಬನೇ ಒಬ್ಬನಿಗೆ ದೊಡ್ಡ ತಂಡದಲ್ಲಿ ಜಾಗ ಎಂದು ಎಲ್ಲರಿಗೂ ಗೊತ್ತಿತ್ತು. ಆರು ಅಭ್ಯಾಸದಲ್ಲಿ ಐದು ಸಲ ಜಯೇಶನೇ ವಿಶ್ರುತನನ್ನು ಹಿಂದೆ ಹಾಕಿದ್ದೂ ಗೊತ್ತಿತ್ತು.

"ಆ ಕಾಗದ ಇಲ್ಲಿ ಕೊಡಿ," ಪ್ರಭಾ ಕೈ ಚಾಚಿದರು.

ರಮಿತಾ ಕೊಡಲೋ ಬೇಡವೋ ಎಂದು ನೋಡುವಷ್ಟರಲ್ಲಿ ಲಕೋಟೆ ಅವರ ಕೈಯಲ್ಲಿತ್ತು.

"ಇದು ಹೋಗುವುದು ಬೇಡ. ನನ್ನ ಮಗ ಇನ್ನೂ ಕಣ್ಣು ಬಿಟ್ಟು ಮಾತಾಡಲಿಲ್ಲ. ಅವನನ್ನು ಆಸ್ಪತ್ರೆಯಿಂದ ಸೀದಾ ಪೊಲೀಸ್ ಸ್ಟೇಷನ್ನಿಗೆ ಕಳಿಸ್ತೀರಾ? ದೇವರ ಕುಂಕುಮ ಅಂತ ಇಟ್ಟಿರಬಹುದಲ್ಲ. ಹುಡುಗಾಟ ಇರಬಹುದಲ್ಲ. ಚನಿಯ, ನಿನ್ನನ್ನು ನಾನು ಯಾವತ್ತಾದರೂ ಹೊರಗಿನವನು ಅಂತ ಕಂಡಿದ್ದೇನಾ?"

"ಇಲ್ಲ ಅಕ್ಕ. ಹರಿದು ಹಾಕಿ. ನನಗೆ ಎಂತ ಬೇಜಾರಿಲ್ಲ."

"ಪಪ್ಪಾ!" ರಮಿತಾ ಚೀರಿದಳು. "ಝೂಠಾ, ಸುಳ್ಳುಗಾರ ಅಂತ ಬರ್ದಿದ್ದಾರೆ ನಿಮ್ಗೆ! ನಾಳೆ ನನ್ನನ್ನೂ ಝೂಠಾನ ಮಗಳು ಅಂತಾರೆ!"

"ಪ್ರಭಮ್ಮ," ವನಮಾಲಾಳ ದನಿ ಏರಲಿಲ್ಲ. "ಚೆಕ್ಕಿಂಗ್ ಮೇಜಿನಲ್ಲಿ ನಮಗೆ ಒಂದು ಪಾಠ ಹೇಳಿಕೊಟ್ಟಿದ್ದರು. ಕೆಟ್ಟ ಬೋಲ್ಟು ಕೈಗೆ ಬಂದಾಗ ಅದನ್ನು ಮಾಡಿದವನು ಅಣ್ಣನೋ ತಮ್ಮನೋ ಅಂತ ನೋಡಬಾರದು. ಅದು ಯಾರ ಗಾಡಿಗೆ ಹೋಗ್ತದೆ ಅಂತ ನೋಡಬೇಕು. ನಿಮ್ಮ ಕೈಯಲ್ಲಿರುವುದು ಈ ಮನುಷ್ಯನ ಮಾನ. ಹುಡುಗಾಟವೋ ಅಲ್ಲವೋ, ನಿಮ್ಮ ಮಗ ಒಂದು ಮಾತು ಹೇಳಿದರೆ ತಿಳೀತದೆ."

"ಅವನು ಮಾತಾಡುವುದಿಲ್ಲವಲ್ಲ!"

ಅದೇ ಹೊತ್ತಿಗೆ ಅವರ ಸೊಂಟದ ಚೀಲದಲ್ಲಿ ಮೊಬೈಲು ರಿಂಗಾಯಿತು. ಒಂದು ಕೈಯಲ್ಲಿ ಲಕೋಟೆ, ಒಂದರಲ್ಲಿ ಊರುಗೋಲು. ರಮಿತಾಳೇ ಮೊಬೈಲು ತೆಗೆದು ಸ್ಪೀಕರ್ ಒತ್ತಿ ಹಿಡಿದಳು. ಆಸ್ಪತ್ರೆಯಿಂದ ಪ್ರಭಾರ ಮಗಳು ಶ್ರೀವಾಣಿ. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ.

"ಅಮ್ಮಾ! ನಳಿಗೆ ತೆಗೆದರು! ಅಣ್ಣ ಮಾತಾಡಿದ!"

ಪ್ರಭಾರ ಕಣ್ಣು ತುಂಬಿತು. "ಕೃಷ್ಣಾ... ಎಂತ ಹೇಳಿದ ಮಗಾ? ನನ್ನನ್ನು ಕೇಳಿದನಾ?"

"ನಿನ್ನನ್ನೂ ಕೇಳ್ಲಿಲ್ಲ, ನನ್ನನ್ನೂ ಕೇಳ್ಲಿಲ್ಲ. ಮೊದಲ ಮಾತೇ ಎಂತ ಗೊತ್ತುಂಟಾ? ‘ಜಯೇಶ್ ಬದುಕಿದ್ದಾನಾ?’ ಅಂತ. ಜಯೇಶನಿಗೆ ಏನಾಗಿದೆ ಅಣ್ಣ, ಬಿದ್ದದ್ದು ನೀನಲ್ಲವಾ ಅಂದೆ. ಸುಮ್ಮನೆ ಗೋಡೆಯ ಕಡೆ ಮುಖ ತಿರುಗಿಸಿದ. ಪಾಪ ಅಮ್ಮ, ಇಷ್ಟು ನೋವಲ್ಲೂ ಗೆಳೆಯನ ಚಿಂತೆ ಅವನಿಗೆ."

ಶ್ರೀವಾಣಿ ಇನ್ನೂ ಏನೋ ಹೇಳುತ್ತಿದ್ದಳು. ಪ್ರಭಾ ಕಣ್ಣಲ್ಲೇ ಸನ್ನೆ ಮಾಡಿದರು. ರಮಿತಾ ಮೊಬೈಲು ಕಟ್ಟು ಮಾಡಿದಳು.

ಪ್ರಭಾ ಆ ಕಬ್ಬಿಣದ ಮೇಜಿನ ಅಡಿಯನ್ನು ನೋಡಿದರು. ಮಗ ಅಂಗಾತ ಮಲಗಿದ್ದ ಜಾಗವದು. ಆಮೇಲೆ ಲಕೋಟೆಯ ಬಾಯನ್ನು ಉಗುರಿನಿಂದ ಬಿಡಿಸಿದರು. ಚನಿಯನ ಕಾಗದವನ್ನು ಒಂದಕ್ಷರ ಬಿಡದೆ ಓದಿದರು. ಕುಂಕುಮ ಇಟ್ಟವರ ಹೆಸರಿರಬೇಕಾದ ಕಡೆ ಅವನು ಬೆರಳಗಲ ಜಾಗ ಖಾಲಿ ಬಿಟ್ಟಿದ್ದ.

"ಪೆನ್ನು ಕೊಡು ರಮಿತಾ."

"ಅಕ್ಕ, ಬೇಡ," ಚನಿಯ ಕೈ ಮುಗಿದ.

"ಸುಮ್ಮನಿರು. ಮೂರು ವಾರ ನನ್ನ ಪಾಲಿನದ್ದು ನೀನು ಹೊತ್ತೆ."

ಆ ಖಾಲಿ ಜಾಗದಲ್ಲಿ ಅವರು ಮಗನ ಹೆಸರು ಬರೆದರು. ಕೆಳಗೆ, ‘ನಾನು ಕಣ್ಣಾರೆ ಕಂಡಿದ್ದೇನೆ’ ಎಂದು ತಮ್ಮ ರುಜು ಹಾಕಿದರು. ಅಕ್ಷರ ಒಂದಿಷ್ಟೂ ಅಲುಗಲಿಲ್ಲ.

*

ಅಂಚೆ ಕಚೇರಿಗೆ ಮುಟ್ಟುವಾಗ ಮೂರಾಗಲು ಇನ್ನು ಆರೇ ನಿಮಿಷ. ಕೌಂಟರಿನ ಗುಮಾಸ್ತ ಆಗಲೇ ಅಂಚೆ ಚೀಲಕ್ಕೆ ಹಗ್ಗ ಹುಡುಕುತ್ತಿದ್ದ.

"ಉದ್ಯಾ ಯಾ, ಕಾಕೀ," ಅಂದ. ನಾಳೆ ಬನ್ನಿ.

"ನಾಳೆ ಆಗುವುದಿದ್ದರೆ ಇವತ್ತು ಬರ್ತಿರಲಿಲ್ಲ," ಪ್ರಭಾ ಕನ್ನಡದಲ್ಲೇ ಹೇಳಿ, ಮತ್ತೆ ಅಂಟಿಸಿದ ಲಕೋಟೆಯನ್ನು ಕಿಂಡಿಯೊಳಗೆ ದೂಡಿದರು. ಭಾಷೆ ತಿಳಿಯದಿದ್ದರೂ ಮುಖ ತಿಳಿಯಿತೋ ಏನೋ, ಅವನು ಎರಡನೇ ಮಾತಾಡದೆ ತಕ್ಕಡಿಗಿಟ್ಟ.

ವನಮಾಲಾ ಚನಿಯನ ಪಕ್ಕದಲ್ಲಿ ನಿಂತಿದ್ದಳು. ನಿರಾಳವಾಗಬೇಕಿತ್ತು, ಆಗಲಿಲ್ಲ. ಒಂದು ಎಳೆ ಎಲ್ಲೋ ಚುಚ್ಚುತ್ತಿತ್ತು. ವಿಶ್ರುತ ಕುಂಕುಮ ಇಟ್ಟದ್ದು ಜಯೇಶನ ಗಾಡಿಗೆ. ಅದೇ ಗಾಡಿ ತಿರುಗಿ ವಿಶ್ರುತನ ಕಾಲಡಿಗೇ ಬಂತು. ಇದು ವಿಧಿಯ ಕೆಲಸವಾ? ವಿಧಿಗೆ ಪಾನಾ ಹಿಡಿಯಲು ಬರುತ್ತದಾ?

"ಚನಿಯ," ಅವಳು ಪಿಸುಗುಟ್ಟಿದಳು, "ಆ ಬೆಳಗ್ಗೆ ಕ್ಲಚ್ಚು ಸುಟ್ಟದ್ದು ನೀನೇ ಕಂಡದ್ದಾ?"

"ಇಲ್ಲಕ್ಕ. ಸುಟ್ಟ ವಾಸನೆ ಬರ್ತಾ ಉಂಟು ಅಂತ ಹುಡುಗ ಬಂದು ನನ್ನನ್ನು ಎಬ್ಬಿಸಿದ."

"ಅಂಗಿ ಬದಲಿಸು ಅಂತ ಹೇಳಿದ್ದು?"

"ಅವನೇ. ‘ವಿಶ್ರುತ ಮಲಗಲಿ, ಅವನಿಗೆ ಹೇಳಬೇಡಿ, ನನ್ನ ಗಾಡಿ ಅಂದರೆ ಹತ್ತಲಿಕ್ಕಿಲ್ಲ’ ಅಂದ. ಅಂಗಿಯ ಆ ಬದಿ ಹಿಡಿದು ಸ್ಕ್ರೂ ಹಾಕಿದ್ದೂ ಅವನೇ. ಒಳ್ಳೆ ಮನಸ್ಸಿನ ಹುಡುಗ ಅಂತ ಅವನ ಹೆಸರು ಕಾಗದದಲ್ಲಿ ತರಲಿಲ್ಲ."

"ಯಾರು ಚನಿಯ?"

"ಜಯೇಶ್."

ತನ್ನ ಗಾಡಿಯ ಬೋಲ್ಟು ಸಡಿಲವೆಂದು ಅವನಿಗೆ ಗೊತ್ತಿತ್ತಾ? ವನಮಾಲಾ ಕಿಂಡಿಯತ್ತ ಹಾರಿದಳು. ಆ ಹೊತ್ತಿಗೆ ಮುದ್ರೆ ಧಡ್ ಎಂದು ಬಿದ್ದಿತ್ತು. ಗುಮಾಸ್ತ ಲಕೋಟೆಯನ್ನು ಚೀಲಕ್ಕೆ ಎಸೆದು, ಅದರ ಬಾಯಿಗೆ ಹಗ್ಗ ಬಿಗಿದ.